ಮಧುಮೇಹಿಯ ಪಾದಕ್ಕೆ ಅಪಾಯ ಯಾವುದರಿಂದ?

ಪ್ರಶ್ನೆ: ತಂದೆಯವರಿಗೆ 62 ವರ್ಷ, 14 ವರ್ಷಗಳಿಂದ ಟೈಪ್ 2 ಮಧುಮೇಹವಿದೆ. ಕಾಫಿ ತೋಟದಿಂದ ಬಂದು ಗಮ್‌ಬೂಟ್ ಕಳಚಿದಾಗ ಹೆಬ್ಬೆರಳಿನ ಅಡಿಯಲ್ಲಿ ಬೊಕ್ಕೆ ಒಡೆದಿತ್ತು. ಅವರಿಗೆ ನೋವೇ ತಿಳಿದಿರಲಿಲ್ಲ. ಇದು ಅಪಾಯವೇ?
– ಓದುಗರು, ವಿರಾಜಪೇಟೆ

ಉತ್ತರ: ನೋವು ತಿಳಿಯದಿರುವುದೇ ಇಲ್ಲಿ ದೊಡ್ಡ ಅಪಾಯ. ಹತೋಟಿ ತಪ್ಪಿದ ಸಕ್ಕರೆಯಿಂದ ನರಗಳು ಹಾಳಾದಾಗ ಬೂಟಿನೊಳಗೆ ಸೇರಿದ ಕಲ್ಲಾಗಲಿ, ಒದ್ದೆ ಕಾಲುಚೀಲದ ಉಜ್ಜಾಟವಾಗಲಿ ಗೊತ್ತಾಗುವುದಿಲ್ಲ. ಕಾಲಿನ ರಕ್ತನಾಳಗಳೂ ಕಿರಿದಾಗಿದ್ದರೆ ಗಾಯ ಬೇಗ ಮಾಯುವುದಿಲ್ಲ. ಧೂಮಪಾನ, ಮೂತ್ರಪಿಂಡದ ಕಾಯಿಲೆ, ಸೊಟ್ಟಗಾದ ಬೆರಳು, ಆಣಿ ಇವೂ ಅಪಾಯವನ್ನು ಹೆಚ್ಚಿಸುತ್ತವೆ. ಹಿಂದೆ ಹುಣ್ಣಾಗಿದ್ದರಂತೂ ಅದು ಮರುಕಳಿಸುವ ಸಂಭವ ಬಹಳ. ದಯವಿಟ್ಟು ಇಂದೇ ವೈದ್ಯರಿಗೆ ತೋರಿಸಿ, 10 ಗ್ರಾಂ ಒತ್ತಡಕ್ಕೆ ಬಾಗುವ ತೆಳು ನೈಲಾನ್ ಎಳೆಯಾದ ಮಾನೋಫಿಲಮೆಂಟ್‌ನಿಂದ ಸ್ಪರ್ಶಜ್ಞಾನವನ್ನೂ ಪಾದದ ನಾಡಿಯನ್ನೂ ಪರೀಕ್ಷಿಸುವಂತೆ ಕೇಳಿ. ಚಳಿಯೆಂದು ಅವರು ಒಲೆಯ ಮುಂದೆ ಕಾಲು ಕಾಯಿಸಿಕೊಳ್ಳದಂತೆ ನೋಡಿಕೊಳ್ಳಿ.