ಆ ಬೆಳಗ್ಗೆ ಯಾರೂ ಕೇಳದ ಪ್ರಶ್ನೆ

ಮಾನ್ಯರೇ,

ತಮ್ಮ ನಾಲ್ಕು ಪುಟಗಳ ಪತ್ರವನ್ನು ಎರಡು ಬಾರಿ ಓದಿದೆ. ಅಮೆರಿಕದಲ್ಲಿರುವ ತಮ್ಮ ಮೊಮ್ಮಗಳು, ಶಾಲೆಗೆ ಕೋವಿ ಹಿಡಿದವರು ನುಗ್ಗಿದರೆ ಏನು ಮಾಡಬೇಕೆಂದು ಕಲಿಯಲು, ಒಂದನೇ ತರಗತಿಯ ಕೋಣೆಯಲ್ಲಿ ದೀಪ ಆರಿಸಿ, ಮೂಲೆಯಲ್ಲಿ ಸದ್ದಿಲ್ಲದೆ ಅವಿತು ಕೂರುವ ಅಭ್ಯಾಸ ಮಾಡುತ್ತಾಳೆ ಎಂದು ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ಪತ್ರವನ್ನು ಸ್ವಲ್ಪ ಹೊತ್ತು ಮೇಜಿನ ಮೇಲಿಟ್ಟು ಸುಮ್ಮನೆ ಕುಳಿತೆ. ಅಲ್ಲಿನ ಕೋವಿ ಕಾನೂನುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನಕ್ಕೆ ತಮ್ಮ ಆಕ್ಷೇಪ ಇದು: "ಕೋವಿ ತಾನಾಗಿ ಸಿಡಿಯುವುದಿಲ್ಲ. ಕೆಟ್ಟಿರುವುದು ಮನಸ್ಸು, ಮದ್ದು ಬೇಕಾಗಿರುವುದೂ ಅದಕ್ಕೇ. ಕಬ್ಬಿಣದ ಮೇಲೆ ಸಿಟ್ಟೇಕೆ?"

ಈ ಮಾತನ್ನು ತಳ್ಳಿಹಾಕಲಾರೆ. ಆದರೆ ಉತ್ತರಕ್ಕೆ ಮುಂಚೆ ಒಂದು ಬೆಳಗಿನ ಸಂಗತಿ ಹೇಳಬೇಕು.

2021ರ ನವೆಂಬರ್ 30. ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಎಂಬ ಊರಿನ ಪ್ರೌಢಶಾಲೆ. ಹದಿನೈದು ವರ್ಷದ ಹುಡುಗನೊಬ್ಬನ ಗಣಿತದ ಹಾಳೆಯಲ್ಲಿ ಪಿಸ್ತೂಲಿನ ಚಿತ್ರವಿದ್ದುದನ್ನು ಶಿಕ್ಷಕಿ ಗಮನಿಸಿದರು. ಯೋಚನೆಗಳು ನಿಲ್ಲುತ್ತಿಲ್ಲ, ನನಗೆ ಸಹಾಯ ಮಾಡಿ ಎಂಬರ್ಥದ ಮಾತನ್ನೂ ಅವನು ಅದರಲ್ಲಿ ಬರೆದಿದ್ದ. ಶಾಲೆಯವರು ತಂದೆ ತಾಯಿಯನ್ನು ಕರೆಸಿದರು. ಆಪ್ತ ಸಮಾಲೋಚಕರು ಎದುರಿಗೆ ಕೂರಿಸಿಕೊಂಡು, ಹುಡುಗನಿಗೆ ಬೇಗ ಚಿಕಿತ್ಸೆ ಕೊಡಿಸಿ ಎಂದರು. ಅಂದರೆ, ತಾವು ಬಯಸುವ ದಾರಿಯಲ್ಲಿ ಮೊದಲ ಹೆಜ್ಜೆಯನ್ನು ಇಟ್ಟಾಗಿತ್ತು. ಹೆತ್ತವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ. ಅವನು ಚೀಲ ಹೆಗಲಿಗೇರಿಸಿಕೊಂಡು ತರಗತಿಗೆ ಮರಳಿದ. ತಂದೆ ನಾಲ್ಕು ದಿನಗಳ ಹಿಂದಷ್ಟೇ ಕೊಂಡಿದ್ದ ಪಿಸ್ತೂಲು ಆ ಚೀಲದಲ್ಲಿತ್ತು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಗುಂಡಿನ ದಾಳಿ ನಡೆದುಹೋಗಿತ್ತು. ಸತ್ತವರು ನಾಲ್ವರು ವಿದ್ಯಾರ್ಥಿಗಳು.

ಬೆಳಗಿನ ಆ ಕೋಣೆಯಲ್ಲಿ ಹುಡುಗನ ಮನಸ್ಸಿನ ಬಗ್ಗೆ ಮಾತಾಯಿತು. ಅವನ ಕೈಗೆ ಕೋವಿ ಸಿಗುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಹೆತ್ತವರೂ ಹೇಳಲಿಲ್ಲ. 2024ರಲ್ಲಿ ತಂದೆ ತಾಯಿ ಇಬ್ಬರಿಗೂ, ಬೇರೆ ಬೇರೆ ವಿಚಾರಣೆಗಳ ನಂತರ, 10ರಿಂದ 15 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು.

ಕನ್ನಡದಲ್ಲಿ ಕಾಯಿಲೆಗೆ ಕೊಡುವುದಕ್ಕೂ ಕೋವಿಗೆ ತುಂಬುವುದಕ್ಕೂ ಒಂದೇ ಹೆಸರಿದೆ: ಮದ್ದು. ತಮ್ಮ ಪತ್ರ ಓದುವಾಗ ಇದು ನನ್ನನ್ನು ಕಾಡಿತು. ಖಿನ್ನತೆಯ ಮಾತ್ರೆ ನಾಟಲು ವಾರಗಳು ಬೇಕು, ಸಮಾಲೋಚನೆ ಫಲಿಸಲು ತಿಂಗಳುಗಳು ಬೇಕು. ಇನ್ನೊಂದು ಮದ್ದಿಗೆ ಒಂದು ಕ್ಷಣ ಸಾಕು. ಮೊದಲನೆಯದು ಕೆಲಸ ಮಾಡುವವರೆಗೆ ಎರಡನೆಯದನ್ನು ದೂರವಿಡುವವರು ಯಾರು? ನನ್ನ ವಾದವೆಲ್ಲ ಇಷ್ಟೇ.

ಇದನ್ನು ಬಿಟ್ಟು ಕೊಲೆಗಳಿಗೆಲ್ಲ ಮನೋರೋಗವೇ ಕಾರಣ ಎಂದುಕೊಂಡರೆ ಲೆಕ್ಕ ಕೂಡುವುದಿಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಜೆಫ್ರಿ ಸ್ವಾನ್ಸನ್ ಈ ವಿಷಯವನ್ನು ದಶಕಗಳಿಂದ ಅಧ್ಯಯನ ಮಾಡಿದವರು. ಅವರ ಅಂದಾಜಿನಂತೆ, ಸ್ಕಿಜೋಫ್ರೇನಿಯಾ, ಬೈಪೋಲಾರ್, ತೀವ್ರ ಖಿನ್ನತೆಗಳನ್ನು ಪೂರ್ತಿ ಗುಣಪಡಿಸಿದರೂ ಸಮಾಜದ ಹಿಂಸೆಯಲ್ಲಿ ತಗ್ಗುವುದು ಸುಮಾರು ಶೇ 4ರಷ್ಟು ಮಾತ್ರ. ಕುಡಿತ, ಹಿಂದೆ ಕೈಮಾಡಿದ ಚರಿತ್ರೆ, ಮನೆಯೊಳಗಿನ ಹೊಡೆತ ಬಡಿತ ಇವು ರೋಗದ ಹೆಸರಿಗಿಂತ ಹೆಚ್ಚು ಮುನ್ಸೂಚನೆ ಕೊಡುತ್ತವೆ. ಇಲ್ಲಿ ನಮ್ಮ ಪತ್ರಿಕೆಯ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಇಂಥದೇ ಸುದ್ದಿಗೆ "ಹುಚ್ಚನ ಗುಂಡಿಗೆ ಬಲಿ" ಎಂದು ತಲೆಬರಹ ಕೊಟ್ಟಿದ್ದೆವು. ಒಪ್ಪಿಗೆ ಕೊಟ್ಟವನು ನಾನೇ. ಸ್ಕಿಜೋಫ್ರೇನಿಯಾ ಇರುವ ಮಗನನ್ನು ಇಪ್ಪತ್ತು ವರ್ಷ ಸಾಕಿದ ತಾಯಿಯೊಬ್ಬರು, "ನನ್ನ ಮಗ ಒಂದು ಇರುವೆಯನ್ನೂ ನೋಯಿಸಿದವನಲ್ಲ" ಎಂದು ಬರೆದರು. ಆ ಪದವನ್ನು ಅಂದಿನಿಂದ ನಾವು ಬಳಸಿಲ್ಲ.

ಹಾಗಾದರೆ ತಮ್ಮ ಮಾತು ನಿಜವಾಗುವುದು ಎಲ್ಲಿ? ಆತ್ಮಹತ್ಯೆಯಲ್ಲಿ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830 ಮಂದಿ. ಅವರಲ್ಲಿ 26 ಸಾವಿರಕ್ಕೂ ಹೆಚ್ಚು ಜನ, ಅಂದರೆ ಅರ್ಧಕ್ಕಿಂತ ಹೆಚ್ಚು, ತಮ್ಮ ಜೀವವನ್ನು ತಾವೇ ತೆಗೆದುಕೊಂಡವರು. ಶಾಲೆಯ ದಾಳಿಗಳಿಗೆ ಸಿಗುವ ದೊಡ್ಡ ಅಕ್ಷರಗಳು ಈ ಸಾವುಗಳಿಗೆ ಸಿಗುವುದಿಲ್ಲ. ನೊಂದ ಮನಸ್ಸಿಗೆ ಆರೈಕೆ ಬೇಕೆಂಬ ತಮ್ಮ ಮಾತು ಇಲ್ಲಿ ಅಕ್ಷರಶಃ ಸತ್ಯ. ಕೈಗೆಟಕುವ ಕೋವಿಯ ಪಾತ್ರ ಅತಿ ದೊಡ್ಡದಾಗಿರುವುದೂ ಇಲ್ಲಿಯೇ. ಸಾಯಬೇಕೆನ್ನುವ ತೀವ್ರ ತುಡಿತ ಎಷ್ಟೋ ಸಲ ಕೆಲವೇ ನಿಮಿಷ, ಕೆಲವೇ ಗಂಟೆಗಳದು. ಅದನ್ನು ದಾಟಿದವರಲ್ಲಿ ಬಹುಪಾಲು ಜನ ಬದುಕಿ ಬಾಳುತ್ತಾರೆ. ಕೋವಿ ಹಿಡಿದವರಿಗೆ ಆ ಅವಕಾಶವೇ ಇಲ್ಲ, ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಉಳಿಯುವುದಿಲ್ಲ. ಇಸ್ರೇಲ್ ಸೇನೆ 2006ರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿತು: ವಾರಾಂತ್ಯದ ರಜೆಗೆ ಹೋಗುವ ಸೈನಿಕರು ರೈಫಲ್‌ಗಳನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು. ಯುವ ಸೈನಿಕರ ಆತ್ಮಹತ್ಯೆ ಸುಮಾರು ಶೇ 40ರಷ್ಟು ಇಳಿಯಿತು. ಅದೇ ವಯಸ್ಸಿನ ಹುಡುಗರು, ಅದೇ ಸೇನೆಯ ಬದುಕು, ಶನಿವಾರ ರಾತ್ರಿ ಮನೆಯಲ್ಲಿ ರೈಫಲ್ ಮಾತ್ರ ಇರಲಿಲ್ಲ.

ಆರೈಕೆಯ ವಿಷಯದಲ್ಲಿ ಅಮೆರಿಕ ಕೊಟ್ಟ ಮಾತಿಗೆ ತಪ್ಪಿದೆ ಎಂಬುದೂ ನಿಜ. 1955ರ ಸುಮಾರಿಗೆ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಐದೂವರೆ ಲಕ್ಷ ಜನರಿದ್ದರು. ಅವರಿಗೆ ಊರಲ್ಲೇ ಚಿಕಿತ್ಸೆ ಸಿಗಲೆಂದು ಅಧ್ಯಕ್ಷ ಕೆನಡಿ 1963ರಲ್ಲಿ ಕಾನೂನಿಗೆ ಸಹಿ ಹಾಕಿದರು. ಆಸ್ಪತ್ರೆಗಳು ಖಾಲಿಯಾದವು, ಊರೂರಿಗೆ ಬರಬೇಕಾದ ಕೇಂದ್ರಗಳು ಸಾಕಷ್ಟು ಬರಲೇ ಇಲ್ಲ. ಬಹಳ ಜನ ಬೀದಿಗೆ ಬಿದ್ದರು, ಜೈಲು ಸೇರಿದರು. ರಾಜಕಾರಣಿಗಳು ದಾಳಿಯ ಮರುದಿನ ಮನೋರೋಗದ ಮಾತಾಡಿ, ಬಜೆಟ್ ದಿನ ಅದನ್ನು ಮರೆತಾಗ ನನಗೆ ತಮ್ಮಷ್ಟೇ ಸಿಟ್ಟು ಬರುತ್ತದೆ.

ಎರಡನ್ನೂ ಜೋಡಿಸುವ ದಾರಿಯೊಂದಿದೆ, ಲೇಖನದಲ್ಲಿ ಅದಕ್ಕೆ ಎಡೆ ಕೊಡದಿದ್ದುದು ನಮ್ಮ ಲೋಪ. ಕನೆಕ್ಟಿಕಟ್ ರಾಜ್ಯ 1999ರಲ್ಲಿ ಮೊದಲ ಬಾರಿಗೆ ತಂದ ಕಾನೂನಿನ ಪ್ರಕಾರ, ಒಬ್ಬ ವ್ಯಕ್ತಿಯಿಂದ ಅವನಿಗೋ ಬೇರೆಯವರಿಗೋ ಅಪಾಯ ಸಮೀಪಿಸಿದೆ ಎಂದು ನ್ಯಾಯಾಧೀಶರಿಗೆ ಮನವರಿಕೆಯಾದರೆ ಅವನ ಕೋವಿಗಳನ್ನು ತಾತ್ಕಾಲಿಕವಾಗಿ ವಶಕ್ಕೆ ಪಡೆಯಬಹುದು. ಮುಖ್ಯವಾಗುವುದು ರೋಗದ ಹೆಸರಲ್ಲ, ಆ ಹೊತ್ತಿನ ನಡತೆ. ಇಂದು 20ಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಕಾನೂನಿದೆ. ಟೆಕ್ಸಾಸ್‌ನ ಯುವಾಲ್ಡಿ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತ ಮರು ತಿಂಗಳು, 2022ರ ಜೂನ್‌ನಲ್ಲಿ ಜಾರಿಯಾದ ಕೇಂದ್ರ ಕಾನೂನು ಇವುಗಳ ಜಾರಿಗೂ ಮಾನಸಿಕ ಆರೋಗ್ಯ ಸೇವೆಗೂ ಹಣ ಒದಗಿಸಿತು. ಸಾಲದು, ಆದರೆ ದಿಕ್ಕು ಸರಿಯಿದೆ.

ಕೊನೆಯಲ್ಲಿ ತಾವು, "ಮಗಳಿಗೆ ನಾನೇನು ಹೇಳಲಿ?" ಎಂದು ಕೇಳಿದ್ದೀರಿ. ಶಾಲೆಯ ದಾಳಿಕೋರರನ್ನು ಕುರಿತು ಅಮೆರಿಕದ ಅಧ್ಯಕ್ಷರನ್ನು ಕಾಯುವ ಸಂಸ್ಥೆಯಾದ ಸೀಕ್ರೆಟ್ ಸರ್ವಿಸ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋವಿ ಬಳಸಿದವರ ಪೈಕಿ ಸುಮಾರು ಮುಕ್ಕಾಲು ಪಾಲು ಮಂದಿಗೆ ಅದು ಸಿಕ್ಕಿದ್ದು ಹೆತ್ತವರ ಅಥವಾ ಹತ್ತಿರದ ಬಂಧುಗಳ ಮನೆಯಲ್ಲಿ. ಆದ್ದರಿಂದ ಮೊಮ್ಮಗಳು ಗೆಳತಿಯ ಮನೆಗೆ ಆಡಲು ಹೋಗುವ ಮೊದಲು, ಆ ಮನೆಯವರನ್ನು ಒಂದು ಮಾತು ಕೇಳಲು ಮಗಳಿಗೆ ಹೇಳಿ: ನಿಮ್ಮಲ್ಲಿ ಕೋವಿ ಇದೆಯೇ, ಇದ್ದರೆ ಗುಂಡು ತೆಗೆದು ಬೀಗ ಹಾಕಿಟ್ಟಿದ್ದೀರಾ? ನಾಯಿ ಕಚ್ಚುತ್ತದೆಯೇ ಎಂದು ಕೇಳುವಷ್ಟೇ ಸಹಜವಾಗಿ ಕೇಳಲಿ. ಅಲ್ಲಿನ ಮಕ್ಕಳ ವೈದ್ಯರೂ ತಾಯ್ತಂದೆಯರಿಗೆ ಇದನ್ನೇ ಹೇಳುತ್ತಾರೆ. ಮೊದಲ ಸಲ ನಾಲಿಗೆ ತಡವರಿಸಬಹುದು. ಮಗಳು ಕೇಳಿದ ಮೇಲೆ ಆ ಮನೆಯವರು ಏನೆಂದರು ಎಂಬುದನ್ನು ದಯವಿಟ್ಟು ನನಗೆ ಬರೆಯಿರಿ.

ತಮ್ಮ ವಿಶ್ವಾಸಿ,
ಸಂಪಾದಕ