ಪ್ರಶ್ನೋತ್ತರ: ಅಗಲಿದ ವಾಯುಯೋಧರಿಗೆ ಗೌರವ ಸಲ್ಲಿಸುವ ಬಗೆ

ನಾಲ್ಕು ಯುದ್ಧವಿಮಾನಗಳು ಜೊತೆಯಾಗಿ ಬಂದು, ಒಂದು ಮಾತ್ರ ಸರ್ರನೆ ಮೇಲಕ್ಕೆ ಹೋಗುವುದನ್ನು ಟಿ.ವಿ.ಯಲ್ಲಿ ನೋಡಿದೆ. ಯಾವ ವಿಮಾನ ಮೇಲೇರಬೇಕೆಂದು ಹೇಗೆ ಗೊತ್ತುಮಾಡುತ್ತಾರೆ? ಅದೇನು ಅಷ್ಟು ಕಷ್ಟದ ಹಾರಾಟವೇ?
– ಓದುಗರು, ಬೀದರ್

ನೀವು ನೋಡಿದ್ದು ‘ಮಿಸ್ಸಿಂಗ್ ಮ್ಯಾನ್’ ಫಾರ್ಮೇಶನ್, ಅಂದರೆ ಅಗಲಿದ ಜೊತೆಗಾರನ ಜಾಗ ಖಾಲಿಯೆಂದು ತೋರಿಸುವ ಜೊತೆ ಹಾರಾಟ. ಬಲ ಅಂಗೈಯನ್ನು ಕೆಳಮುಖ ಮಾಡಿ, ಹೆಬ್ಬೆರಳು ಮಡಚಿ, ಉಳಿದ ನಾಲ್ಕು ಬೆರಳುಗಳ ತುದಿ ನೋಡಿ. ವಿಮಾನಗಳು ನಿಲ್ಲುವ ಕ್ರಮ ಅದೇ. ನಡುಬೆರಳು ನಾಯಕನದು, ತೋರುಬೆರಳು ಎರಡನೆಯವನದು, ಉಂಗುರ ಬೆರಳು ಮೂರನೆಯವನದು, ಕಿರುಬೆರಳು ನಾಲ್ಕನೆಯವನದು. ಸಾಮಾನ್ಯವಾಗಿ ಮೇಲೇರುವುದು ಮೂರನೆಯ ವಿಮಾನ. ಅದು ಹೋದರೆ ನಾಯಕನಿಗೂ ನಾಲ್ಕನೆಯವನಿಗೂ ನಡುವೆ ತೆರವಾದ ಜಾಗ ನೆಲದಿಂದ ಎದ್ದು ಕಾಣುತ್ತದೆ. ತುದಿಯ ನಾಲ್ಕನೆಯ ವಿಮಾನ ಹೋದರೆ ಉಳಿದ ಮೂರು ಮಾಮೂಲಿ ತ್ರಿಕೋನವಾಗಿಬಿಡುತ್ತವೆ, ಯಾರೋ ಇಲ್ಲ ಎಂಬುದೇ ತಿಳಿಯುವುದಿಲ್ಲ.

ಕಷ್ಟ ಇರುವುದು ಮೇಲೇರುವವನಿಗಿಂತ ಹೆಚ್ಚಾಗಿ ನಾಲ್ಕನೆಯವನಿಗೆ. ಮಾಮೂಲಿ ಹಾರಾಟದಲ್ಲಿ ಅವನು ಮೂರನೆಯ ವಿಮಾನವನ್ನೇ ನೋಡಿಕೊಂಡು ತನ್ನ ಅಂತರ ಕಾಯುತ್ತಾನೆ. ಆ ವಿಮಾನವೇ ಕಣ್ಣೆದುರಿನಿಂದ ಎದ್ದು ಹೋದಾಗ ಅವನ ಆಧಾರವೇ ತಪ್ಪುತ್ತದೆ. ಆದ್ದರಿಂದ ಮೊದಲೇ, ಮೂರನೆಯ ವಿಮಾನದ ಆಚೆಗಿರುವ ನಾಯಕನ ಮೇಲೆ ಕಣ್ಣು ನೆಟ್ಟಿರಬೇಕು. ಅಭ್ಯಾಸ ಸಾಲದಿದ್ದರೆ ತನಗರಿವಿಲ್ಲದೆ ನಾಯಕನ ಹತ್ತಿರಕ್ಕೆ ಸರಿಯುತ್ತಾನೆ, ತೆರವಿರಬೇಕಾದ ಜಾಗ ಮುಚ್ಚಿಹೋಗುತ್ತದೆ. ಇಡೀ ಗೌರವ ನಿಂತಿರುವುದೇ ಆ ಖಾಲಿ ಜಾಗದ ಮೇಲೆ. ಅದನ್ನು ಅಲುಗದಂತೆ ಹಿಡಿದಿಡುವ ಪೈಲಟ್ ಮಾಡುವ ಕೆಲಸ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಮೇಲೇರುವವನಿಗೂ ನಿಯಮವಿದೆ: ಮೊದಲು ನೇರವಾಗಿ ಮೇಲಕ್ಕೆಳೆಯಬೇಕು, ಜೊತೆಯ ವಿಮಾನಗಳಿಂದ ಪೂರ್ತಿ ಬೇರ್ಪಟ್ಟ ಮೇಲಷ್ಟೇ ಪಕ್ಕಕ್ಕೆ ವಾಲಬೇಕು.

ಇನ್ನು ಸಮಯದ ಲೆಕ್ಕ. 300 ನಾಟ್ ಎಂದರೆ ಗಂಟೆಗೆ 300 ನಾಟಿಕಲ್ ಮೈಲಿ, ಸುಮಾರು 555 ಕಿ.ಮೀ. ವೇಗ, ನಿಮಿಷಕ್ಕೆ 5 ನಾಟಿಕಲ್ ಮೈಲಿ. ಸಮಾಧಿ ಸ್ಥಳದಿಂದ 10 ನಾಟಿಕಲ್ ಮೈಲಿ ದೂರದಲ್ಲಿ ಸುತ್ತು ಹಾಕುತ್ತಾ ಕಾಯುತ್ತಿದ್ದರೆ, ಹೊರಟು ಬರಲು ಸರಿಯಾಗಿ ಎರಡು ನಿಮಿಷ ಬೇಕು. ಎದುರುಗಾಳಿ 20 ನಾಟ್ ಇದ್ದು ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಎಂಟು ಸೆಕೆಂಡಿಗೂ ಹೆಚ್ಚು ತಡ. ಬ್ಯೂಗಲ್ ನಿಂತು ಮೌನ ಆವರಿಸಿದ ಹೊತ್ತಿನಲ್ಲಿ ಎಂಟು ಸೆಕೆಂಡು ಬಹಳ ದೀರ್ಘ. ಅದಕ್ಕೇ ನೆಲದ ಮೇಲೆ ರೇಡಿಯೊ ಹಿಡಿದ ಒಬ್ಬ ಪೈಲಟ್ ನಿಂತು, ಕಾರ್ಯಕ್ರಮ ಎಲ್ಲಿಗೆ ಬಂತೆಂದು ಮೇಲಿನವರಿಗೆ ತಿಳಿಸುತ್ತಿರುತ್ತಾನೆ. ಭಾಷಣ ಉದ್ದವಾದರೆ ಇನ್ನೊಂದು ಸುತ್ತು ಹಾಕಿಸುತ್ತಾನೆ. ಸಾವಿರ ಅಡಿ ಎತ್ತರದಿಂದ ಸದ್ದು ಕೆಳಗಿಳಿಯಲು ಸುಮಾರು 0.9 ಸೆಕೆಂಡು ಬೇಕು, ಅಷ್ಟರಲ್ಲಿ ವಿಮಾನ 140 ಮೀಟರ್ ಮುಂದಿರುತ್ತದೆ. ಜನ ಸದ್ದು ಕೇಳಿ ತಲೆಯೆತ್ತುತ್ತಾರೆ. ನೆತ್ತಿ ದಾಟಿ ಬಹಳ ಹೊತ್ತಾದ ಮೇಲೆ ಮೇಲೇರಿದರೆ ಕುಟುಂಬದವರಿಗೆ ವಿಮಾನಗಳ ಬೆನ್ನು ಮಾತ್ರ ಕಾಣುತ್ತದೆ. ಮೋಡ ಕೆಳಗಿದ್ದರೆ ಮೇಲೇರಿದ ವಿಮಾನ ತಕ್ಷಣ ಮರೆಯಾಗುತ್ತದೆ. ಅಂಥ ದಿನ ಮೊದಲಿನಿಂದಲೇ ಒಂದು ಜಾಗ ಖಾಲಿ ಬಿಟ್ಟು ಹಾರಿಬರುವುದು ಲೇಸು.

ಈ ಪದ್ಧತಿ ಎಷ್ಟು ಹಳೆಯದು? ನಮ್ಮಲ್ಲಿ ಯಾವಾಗ ನಡೆದಿದೆ?
– ಓದುಗರು, ಹಾಸನ

1938ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೇನಾ ವಿಮಾನದಳದ ಮುಖ್ಯಸ್ಥ ಆಸ್ಕರ್ ವೆಸ್ಟೋವರ್ ಅಪಘಾತದಲ್ಲಿ ತೀರಿಕೊಂಡಾಗ, 50ಕ್ಕೂ ಹೆಚ್ಚು ವಿಮಾನಗಳು ಒಂದು ಜಾಗ ಖಾಲಿ ಬಿಟ್ಟು ಹಾರಿದ್ದವು. ನಮ್ಮಲ್ಲಿ ನೆನೆಯಬೇಕಾದ್ದು 2019ರ ಮೇ 27. ಅದಕ್ಕೆ ಸರಿಯಾಗಿ 20 ವರ್ಷ ಹಿಂದೆ, ಕಾರ್ಗಿಲ್ ಸಮರದಲ್ಲಿ, ವಿಮಾನದಿಂದ ಹಾರಿಕೊಂಡಿದ್ದ ಸಹ ಪೈಲಟ್ ಒಬ್ಬರನ್ನು ಹುಡುಕುತ್ತಾ ಉಳಿದ ಸ್ಕ್ವಾಡ್ರನ್ ಲೀಡರ್ ಅಜಯ್ ಅಹುಜಾ ಪ್ರಾಣ ತೆತ್ತಿದ್ದರು. ಅವರ 17ನೇ ಸ್ಕ್ವಾಡ್ರನ್‌ಗೆ ಆಗ ಕಮಾಂಡಿಂಗ್ ಆಫೀಸರ್ ಆಗಿದ್ದ ಬಿ.ಎಸ್. ಧನೋವಾ, 20 ವರ್ಷಗಳ ನಂತರ ವಾಯುಪಡೆಯ ಮುಖ್ಯಸ್ಥರಾಗಿ, ಪಂಜಾಬಿನ ಭಿಸಿಯಾನಾ ನೆಲೆಯಲ್ಲಿ ತಾವೇ ಮಿಗ್-21 ಹಾರಿಸಿ ಈ ಫಾರ್ಮೇಶನ್‌ನ ಮುಂದಾಳತ್ವ ವಹಿಸಿದರು.

ನಮ್ಮೂರಿಗೆ ಯೋಧರೊಬ್ಬರ ಪಾರ್ಥಿವ ಶರೀರ ಬಂದಾಗ, ಬಾವುಟದ ಸಮೇತ ಚಿತೆಗೆ ಇಡಬೇಕೆಂದು ಕೆಲವರು ಹಟ ಹಿಡಿದರು. ಗುಂಡು ಹಾರಿಸಿದ್ದು ಮೂರೇ ಸಲ, 21 ಅಲ್ಲವೇ ಎಂದೂ ಕೇಳಿದರು. ಸರಿ ಯಾವುದು?
– ಓದುಗರು, ಗದಗ

ಹಟದ ಹಿಂದೆ ಅಭಿಮಾನವೇ ಇದ್ದಿರಬೇಕು, ಆದರೆ ಹಾಗೆ ಮಾಡುವಂತಿಲ್ಲ. ಧ್ವಜಸಂಹಿತೆಯ ಪ್ರಕಾರ ಕೇಸರಿ ಪಟ್ಟಿ ತಲೆಯ ಕಡೆಗೆ ಬರುವಂತೆ ಹೊದಿಸಬೇಕು. ಬಾವುಟವನ್ನು ಸಮಾಧಿಯ ಗುಂಡಿಯೊಳಗೆ ಇಳಿಸಬಾರದು, ಚಿತೆಯಲ್ಲಿ ಸುಡಬಾರದು. ಅದಕ್ಕೂ ಮೊದಲು ತೆಗೆದು, ಕೇಸರಿ ಮತ್ತು ಹಸಿರು ಪಟ್ಟಿಗಳನ್ನು ಬಿಳಿಯ ಕೆಳಗೆ ಮಡಿಸಿ, ಎರಡೂ ಬದಿಯಿಂದ ಒಳಮಡಿಸಿ, ಅಶೋಕಚಕ್ರ ಮೇಲೆ ಕಾಣುವಂತೆ ಮಾಡಿ ಎರಡೂ ಅಂಗೈ ಮೇಲಿಟ್ಟು ಹತ್ತಿರದ ಬಂಧುವಿಗೆ ಒಪ್ಪಿಸುತ್ತಾರೆ. ಅದನ್ನು ಪಡೆಯುವವರು ಯಾರೆಂದು ಮನೆಯವರು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಸರ್ಕಾರಿ ಅಥವಾ ಸೇನಾ ಗೌರವವಿಲ್ಲದ ಖಾಸಗಿ ಅಂತ್ಯಕ್ರಿಯೆಯಲ್ಲಿ ರಾಷ್ಟ್ರಧ್ವಜ ಹೊದಿಸಲು ಅವಕಾಶವೇ ಇಲ್ಲ.

ಮೂರು ಸಲವೇ ಸರಿ. ಅದು ಬಂದೂಕಿನ ಗೌರವ. 21 ಎಂಬುದು ಕುಶಾಲತೋಪಿನ ಲೆಕ್ಕ, ರಾಷ್ಟ್ರಪತಿಗಳಂಥವರಿಗೆ ಸಲ್ಲುವಂಥದ್ದು. 2021ರ ಡಿಸೆಂಬರ್‌ನಲ್ಲಿ ಜನರಲ್ ಬಿಪಿನ್ ರಾವತ್ ಅವರ ಅಂತ್ಯಕ್ರಿಯೆಯಲ್ಲಿ ಹಾರಿಸಿದ್ದು 17 ತೋಪು. ಹಳ್ಳಿಯಲ್ಲಿ ಹಾರಿಸುವುದು ಗುಂಡಿಲ್ಲದ ಖಾಲಿ ತೋಟಾ. ಅದರ ಒತ್ತಡ ಸಾಲದೆ ಬಂದೂಕು ತಾನಾಗಿ ಮುಂದಿನ ತೋಟಾ ಎಳೆದುಕೊಳ್ಳುವುದಿಲ್ಲ, ಪ್ರತಿ ಸಲವೂ ಕೈಯಿಂದಲೇ ಎಳೆಯಬೇಕಾಗುತ್ತದೆ. ನಡುವೆ ಬಿಡುವು ಬರುವುದು ಅದಕ್ಕೆ. ಖಾಲಿ ತೋಟಾ ಎಂದು ನಳಿಕೆಯ ಮುಂದೆ ಮೊಬೈಲ್ ಹಿಡಿದು ನಿಲ್ಲಬೇಡಿ. ಹತ್ತಿರದಲ್ಲಿ ಅದರಿಂದಲೂ ಗಾಯವಾಗುತ್ತದೆ. ಬಳಿಕ ಬ್ಯೂಗಲ್‌ನಲ್ಲಿ ‘ಲಾಸ್ಟ್ ಪೋಸ್ಟ್’ ಎಂಬ ವಿದಾಯದ ರಾಗ ನುಡಿಸುತ್ತಾರೆ. ‘ಶೋಕ ಶಸ್ತ್ರ’ದ ಆದೇಶವಾದಾಗ ಯೋಧರು ಬಂದೂಕಿನ ತುದಿ ನೆಲಕ್ಕೆ ಮಾಡಿ ತಲೆ ಬಾಗಿಸುತ್ತಾರೆ. ಜೈಕಾರ ಹಾಕುವುದಿದ್ದರೆ ಈ ಹೊತ್ತು ಕಳೆದ ಮೇಲೆ ಹಾಕಿ.

ಅಮೆರಿಕದ ಪೈಲಟ್‌ಗಳು ಸತ್ತವರ ಹೆಸರಿನ ಲೋಟ ಬೋರಲು ಹಾಕುತ್ತಾರಂತೆ, ಹೌದೇ?
– ಓದುಗರು, ತುಮಕೂರು

ಹೌದು. ಪ್ರಸಿದ್ಧವಾದದ್ದು ಎರಡನೆಯ ಮಹಾಯುದ್ಧದಲ್ಲಿ ಡೂಲಿಟಲ್ ಎಂಬ ಪೈಲಟ್ ಮುನ್ನಡೆಸಿದ ತಂಡದ ಬೆಳ್ಳಿ ಲೋಟಗಳು. 1942ರ ಏಪ್ರಿಲ್ 18ರಂದು 16 ಬಿ-25 ವಿಮಾನಗಳಲ್ಲಿ ಜಪಾನಿನ ಮೇಲೆ ದಾಳಿ ಮಾಡಿದ 80 ಮಂದಿಗೆ 1959ರಲ್ಲಿ ಅಮೆರಿಕದ ಟೂಸಾನ್ ನಗರ 80 ಲೋಟ ಕೊಟ್ಟಿತು. ಪ್ರತಿಯೊಂದರ ಮೇಲೂ ಹೆಸರನ್ನು ಎರಡು ಸಲ ಕೊರೆಯಲಾಗಿದೆ, ಒಂದು ನೆಟ್ಟಗೆ, ಇನ್ನೊಂದು ತಲೆಕೆಳಗಾಗಿ. ಲೋಟ ಬೋರಲು ಹಾಕಿದ ಮೇಲೂ ಹೆಸರು ಓದಲು ಬರಲಿ ಎಂದು. ಡೂಲಿಟಲ್ ಹುಟ್ಟಿದ ವರ್ಷವಾದ 1896ರ ಕೋನ್ಯಾಕ್ (ಫ್ರೆಂಚ್ ಬ್ರಾಂಡಿ) ಬಾಟಲಿಯನ್ನು ಕೊನೆಯವರಿಗಾಗಿ ಕಾದಿಟ್ಟಿದ್ದರು. 2013ರ ನವೆಂಬರ್ 9ರಂದು ಅದನ್ನು ತೆರೆದರು. ಆಗ ಬದುಕಿದ್ದವರು ನಾಲ್ವರು, ಬರಲಾದದ್ದು ಮೂವರಿಗೆ.

ಶರೀರವೇ ಸಿಗದಿದ್ದರೆ?
– ಓದುಗರು, ವಿರಾಜಪೇಟೆ

ಕೊಡಗಿನವರು ಕೇಳುವಾಗ ಮನಸ್ಸಿನಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಇದ್ದೇ ಇರುತ್ತಾರೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಅವರು ಕಾಯ್ದಿರಿಸಿದ ಪೈಲಟ್ ಆಗಿದ್ದರು, ಒಂದು ವಿಮಾನ ಹಿಂದುಳಿದಾಗ ಆ ಜಾಗ ತುಂಬಿ ಹೋದರು. ತಮ್ಮ ಮಿಸ್ಟೀರ್ ವಿಮಾನದಿಂದ ಅದಕ್ಕಿಂತ ಎಷ್ಟೋ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಒಂದನ್ನು ಉರುಳಿಸಿದರು. ಅವರು ಮರಳಲಿಲ್ಲ, ಶರೀರವೂ ಊರಿಗೆ ಬರಲಿಲ್ಲ. ಪಾಕಿಸ್ತಾನದ ಕಡೆಯ ವಿವರಗಳು ಹೊರಬಂದ ಮೇಲೆ, 1988ರಲ್ಲಿ ಮಹಾವೀರ ಚಕ್ರ ಸಂದಿತು.

ಸಮಾಧಿ ಇಲ್ಲದವರಿಗೂ ಹೆಸರಿನ ನೆಲೆ ಇದೆ. 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ದೆಹಲಿಯ ರಾಷ್ಟ್ರೀಯ ಸಮರ ಸ್ಮಾರಕದ ತ್ಯಾಗ ಚಕ್ರದಲ್ಲಿ ಹುತಾತ್ಮರ ಹೆಸರುಗಳನ್ನು ಗ್ರಾನೈಟ್ ಮೇಲೆ ಕೊರೆದಿದ್ದಾರೆ. ಯಾವ ಹೆಸರು ಎಲ್ಲಿದೆ ಎಂದು ಅಲ್ಲಿನ ಡಿಜಿಟಲ್ ಫಲಕದಲ್ಲಿ ಹುಡುಕಬಹುದು. ಸಂಜೆ ಹೊತ್ತು ಹುತಾತ್ಮರ ಬಂಧುಗಳಿಂದ ಪುಷ್ಪಚಕ್ರ ಇರಿಸುವ ಕಾರ್ಯಕ್ರಮವೂ ಅಲ್ಲಿ ನಡೆಯುತ್ತದೆ. ಹೋಗುವ ಮೊದಲು ಪತ್ರ ಬರೆದು ದಿನ ಗೊತ್ತುಮಾಡಿಕೊಳ್ಳಿ.