ಉತ್ತರ: 2 ಜಿಬಿ ರ‍್ಯಾಮ್‌ನ 20 ಕಂಪ್ಯೂಟರ್‌ಗಳಿಗೆ ಲಿನಕ್ಸ್

ಶಾಲೆಯ ಲ್ಯಾಬ್‌ನ 20 ಹಳೇ ಕಂಪ್ಯೂಟರ್‌ಗಳಿಗೂ ಒಂದೊಂದಾಗಿ ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಅಪ್‌ಡೇಟ್ ಬಂದಾಗಲೆಲ್ಲ 20 ಕಡೆ ಕೂರಬೇಕಾಗುತ್ತೆ, ಲ್ಯಾಬ್ ಆರು ತಿಂಗಳಲ್ಲಿ ಹದಗೆಡುತ್ತೆ.

ಎಲ್‌ಟಿಎಸ್‌ಪಿ ಬಳಸಿ, ಅದು ಒಂದೇ ಸರ್ವರ್‌ನಿಂದ ಅನೇಕ ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್ ಮೂಲಕ ಬೂಟ್ ಮಾಡಿಸುವ ತಂತ್ರಾಂಶ. ಒಂದೇ ಒಂದು ಒಳ್ಳೆಯ ಕಂಪ್ಯೂಟರನ್ನು (8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ) ಸರ್ವರ್ ಮಾಡಿ ಡೆಬಿಯನ್ (ಇನ್ನೊಂದು ಬಗೆಯ ಲಿನಕ್ಸ್) ಮತ್ತು ಎಕ್ಸ್‌ಎಫ್‌ಸಿಇ (ಹಗುರವಾದ ಡೆಸ್ಕ್‌ಟಾಪ್) ಹಾಕಿ. ಉಳಿದವು ನೆಟ್‌ವರ್ಕ್‌ನಿಂದಲೇ ಬೂಟ್ ಆಗುತ್ತವೆ, ಹಾರ್ಡ್‌ಡಿಸ್ಕ್ ಕೆಟ್ಟಿದ್ದರೂ ನಡೆಯುತ್ತೆ. ಅವುಗಳ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್‌ಗಳಲ್ಲಿ) ನೆಟ್‌ವರ್ಕ್ ಬೂಟ್ ಮೊದಲಿಗೆ ಬರಬೇಕು. ರೂಟರ್‌ನ ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ವ್ಯವಸ್ಥೆ) ಮುಟ್ಟುವ ಅಗತ್ಯವಿಲ್ಲ, ಸರ್ವರ್‌ನಲ್ಲಿ ಓಡುವ ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ ಬೂಟ್ ಮಾಹಿತಿಯನ್ನಷ್ಟೇ ಕೊಡುವ ಪ್ರಾಕ್ಸಿ ಆಗಿ ಅದರ ಜೊತೆಗೇ ಕೆಲಸ ಮಾಡುತ್ತೆ.

ಎಡವುವುದು ಹೆಚ್ಚಾಗಿ ಸ್ವಿಚ್‌ನಲ್ಲಿ (ಕಂಪ್ಯೂಟರ್‌ಗಳ ನೆಟ್‌ವರ್ಕ್ ತಂತಿಗಳನ್ನು ಜೋಡಿಸುವ ಪೆಟ್ಟಿಗೆ). 100 ಎಂಬಿಪಿಎಸ್ ಸ್ವಿಚ್ ಇದ್ದರೆ ಮಕ್ಕಳೆಲ್ಲ ಒಟ್ಟಿಗೆ ಆನ್ ಮಾಡಿದಾಗ ಸರ್ವರ್‌ನ ಒಂದೇ ತಂತಿಯಲ್ಲಿ ಎಲ್ಲ ಸಿಕ್ಕಿಕೊಳ್ಳುತ್ತೆ. ಗಿಗಾಬಿಟ್ ಸ್ವಿಚ್ಚೇ ಬೇಕು. ವೈಫೈನಲ್ಲಿ ಇದು ಆಗದು.

ಸರ್ವರ್‌ಗೆ ಹೊಸ ತಂತ್ರಾಂಶ ಹಾಕಿದ ಮೇಲೆ 'ಎಲ್‌ಟಿಎಸ್‌ಪಿ ಇಮೇಜ್' ಆದೇಶ ಮತ್ತೆ ಓಡಿಸಿ, ಉಳಿದ ಕಂಪ್ಯೂಟರ್‌ಗಳು ಬೂಟ್ ಆಗುವ ಪ್ರತಿಯನ್ನು (ಇಮೇಜ್) ಅದು ಹೊಸದಾಗಿ ಮಾಡುತ್ತೆ. ಇಲ್ಲದಿದ್ದರೆ ಮಕ್ಕಳ ಕಂಪ್ಯೂಟರ್‌ಗಳಲ್ಲಿ ಹಳೆಯದೇ ಕಾಣುತ್ತೆ, 'ಇನ್‌ಸ್ಟಾಲ್ ಆಗಿಲ್ಲ' ಅಂತ ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತೀರಿ.

ಕಡತಗಳು ಸರ್ವರ್‌ನಲ್ಲೇ ಉಳಿಯುವುದರಿಂದ ಪ್ರತಿ ವಿದ್ಯಾರ್ಥಿಗೂ ಒಂದು ಖಾತೆ ಕೊಡಿ, ಯಾವ ಕುರ್ಚಿಯಲ್ಲಿ ಕೂತರೂ ಅವರ ಕೆಲಸ ಸಿಗುತ್ತೆ. ಸರ್ವರ್ ಕೆಟ್ಟರೆ ಲ್ಯಾಬೇ ನಿಲ್ಲುತ್ತೆ, ಹಾಗಾಗಿ ಯುಪಿಎಸ್ ಮತ್ತು ಹೊರಗಿನ ಡಿಸ್ಕಿಗೆ ದಿನವೂ ಬ್ಯಾಕಪ್ ಕಡ್ಡಾಯ.

2 ಜಿಬಿಯಲ್ಲಿ ಫೈರ್‌ಫಾಕ್ಸ್‌ನ ನಾಲ್ಕೈದು ಟ್ಯಾಬ್‌ಗಿಂತ ಹೆಚ್ಚು ನಿರೀಕ್ಷಿಸಬೇಡಿ. ಜೆಡ್‌ರ‍್ಯಾಮ್ (ಮೆಮೊರಿಯಲ್ಲಿರುವುದನ್ನು ಕುಗ್ಗಿಸಿ ಜಾಗ ಉಳಿಸುವ ಲಿನಕ್ಸ್ ಸೌಲಭ್ಯ) ಹಾಕಿದರೆ ಸ್ವಲ್ಪ ಉಸಿರಾಡುತ್ತೆ.

ಒಂದು ಮಾತು ಮೊದಲೇ ನೋಡಿಕೊಳ್ಳಿ: ಯಾವುದಾದರೂ ಪ್ರೊಸೆಸರ್ 32 ಬಿಟ್ ಮಾತ್ರ ಆಗಿದ್ದರೆ 64 ಬಿಟ್ ಇಮೇಜ್ ಅದರಲ್ಲಿ ಏಳುವುದೇ ಇಲ್ಲ. 20 ಮಾಡೆಲ್‌ಗಳನ್ನೂ ಬರೆದು ಹಾಕಿ, ನೋಡಿ ಹೇಳುತ್ತೇನೆ.